ಗಿಟಾರ್ ಸುಮ್ಮನಾದರೂ ಗುಂಯ್ ಎನ್ನುವುದೇಕೆ?

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಬೆಳಗಾವಿಯ ಕ್ಯಾಂಪ್ ಭಾಗದ ಕೆಲವು ಮನೆಗಳಲ್ಲಿ ಸಂಜೆಯ ಗಿಟಾರ್ ಅಭ್ಯಾಸ ಜೋರಾಗುತ್ತದೆ. ಚರ್ಚಿನ ಕ್ರಿಸ್‌ಮಸ್ ಕಾರ್ಯಕ್ರಮ ಒಂದು ಕಡೆ, ಶಾಲೆಯ ಗ್ಯಾದರಿಂಗ್ ಇನ್ನೊಂದು ಕಡೆ. ಮೊದಲಾದರೆ ಮರದ ಗಿಟಾರ್ ಒಂದಿದ್ದರೆ ಸಾಕಿತ್ತು. ಈಗ ಹುಡುಗರ ಕಾಲಬುಡದಲ್ಲಿ ಬಣ್ಣಬಣ್ಣದ ಲೋಹದ ಡಬ್ಬಿಗಳ ಸಾಲೇ ಇರುತ್ತದೆ. ಇವೇ ಎಫೆಕ್ಟ್ ಪೆಡಲ್‌ಗಳು. ಒಂದು ದನಿಯನ್ನು ಒರಟಾಗಿಸುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ಎಲ್ಲವನ್ನೂ ದಾಟಿದ ಸಂಕೇತ ಕೊನೆಗೆ ಆಂಪ್ಲಿಫೈಯರ್ ಸೇರುತ್ತದೆ. ಹಾಡು ಮುಗಿದ ಮೇಲೆ ಒಳಮನೆಯಿಂದ ತಂದೆಯ ಪ್ರಶ್ನೆ ಬರುತ್ತದೆ: “ಬಾರಿಸೋದು ನಿಲ್ಲಿಸಿದ ಮ್ಯಾಲೂ ಇದ್ಯಾಕ ಗುಂಯ್ ಅಂತೈತಿ?”

ಪ್ರಶ್ನೆ ಒಳ್ಳೆಯದೇ. ಉತ್ತರ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಇದೆ.

ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿದೆ. ಅದು ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಾಮ್ರದ ತಂತಿ, ಅಷ್ಟೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಆದರೆ ಬದಲಾದ ಕಾಂತಕ್ಷೇತ್ರ ಗಿಟಾರಿನ ತಂತಿಯದೋ, ಮನೆಯ ವೈರಿಂಗಿನದೋ ಎಂಬುದು ಸುರುಳಿಗೆ ಗೊತ್ತಾಗುವುದಿಲ್ಲ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಟ್ಯೂಬ್‌ಲೈಟಿನ ಚೋಕ್, ಫ್ಯಾನಿನ ರೆಗ್ಯುಲೇಟರ್, ಆಂಪ್ಲಿಫೈಯರಿನದೇ ಟ್ರಾನ್ಸ್‌ಫಾರ್ಮರ್, ಎಲ್ಲವೂ ಆ ಗುಂಯ್‌ಕಾರಕ್ಕೆ ದನಿಗೂಡಿಸುತ್ತವೆ. ಗಿಟಾರ್ ಹಿಡಿದು ಕುಳಿತಲ್ಲಿಯೇ ಮೆಲ್ಲಗೆ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ತಗ್ಗುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೊಂದು ಉಪಾಯ ಮಾಡಿದ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ವಿರುದ್ಧವಾಗಿಟ್ಟ. ಹೊರಗಿನ ಗುಂಯ್‌ಕಾರ ಕಳೆದುಹೋಗುತ್ತದೆ, ತಂತಿಯ ನಾದ ಕೂಡಿಕೊಳ್ಳುತ್ತದೆ. ಹಂಬಕರ್ ಎಂಬ ಹೆಸರು ಬಂದದ್ದು ಹೀಗೆ.

ಆದರೂ ಡಿಸ್ಟಾರ್ಷನ್ ಪೆಡಲ್ ಒತ್ತಿದ ಕೂಡಲೇ ಗದ್ದಲ ಏಕೆ ಮುನ್ನುಗ್ಗುತ್ತದೆ? ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ. ಗಿಟಾರಿನ ನಾದ 100 ಮಿಲಿವೋಲ್ಟ್, ಗದ್ದಲ 1 ಮಿಲಿವೋಲ್ಟ್ ಎಂದಿರಲಿ. ಪ್ರಮಾಣ ನೂರಕ್ಕೆ ಒಂದು. ಕಿವಿಗೆ ಅಷ್ಟೇನೂ ತೊಂದರೆಯಿಲ್ಲ. ಪೆಡಲ್ ಎರಡನ್ನೂ ನೂರು ಪಟ್ಟು ಹಿಗ್ಗಿಸುತ್ತದೆ. ಗದ್ದಲ 100 ಮಿಲಿವೋಲ್ಟ್ ಆಯಿತು. ನಾದ 10 ವೋಲ್ಟ್ ಆಗಬೇಕಿತ್ತು, ಆದರೆ ಆಗುವುದಿಲ್ಲ. ಅಂಥ ಅನೇಕ ಪೆಡಲ್‌ಗಳಲ್ಲಿ ಎರಡು ಸಿಲಿಕಾನ್ ಡಯೋಡುಗಳಿರುತ್ತವೆ. ಅವು ಸುಮಾರು 0.6 ವೋಲ್ಟಿನಲ್ಲಿ ಅಲೆಯ ತಲೆ ಕತ್ತರಿಸಿಬಿಡುತ್ತವೆ (ಪಿಯುಸಿ ಓದಿದವರಿಗೆ ಈ ಸಂಖ್ಯೆ ನೆನಪಿರಬೇಕು). ತಲೆ ಕತ್ತರಿಸಿದ ಆ ಅಲೆಯೇ ರಾಕ್ ಸಂಗೀತದ ಒರಟು ದನಿ. ಪ್ರಮಾಣ ಈಗ ಆರಕ್ಕೆ ಒಂದು! ಗದ್ದಲ ಪೂರ್ತಿ ಬೆಳೆಯಿತು, ನಾದಕ್ಕೆ ಮಾತ್ರ ಕಡಿವಾಣ ಬಿತ್ತು.

ಅಂದಹಾಗೆ, ಈ ಒರಟು ದನಿಯ ಕಥೆಯಲ್ಲಿ ಕೆಟ್ಟ ಯಂತ್ರವೊಂದರ ಪಾಲೂ ಇದೆ. 1961ರಲ್ಲಿ ಹೊರಬಂದ, ಅಮೆರಿಕದ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣದಲ್ಲಿ ದೋಷವಿದ್ದ ಉಪಕರಣದಿಂದ ಗಿಟಾರ್ ದನಿ ಬಿರಿಯಿತು. ಅದೇ ಜನರಿಗೆ ಹಿಡಿಸಿ, ಮರುವರ್ಷ ಅಂಥ ದನಿ ಹೊರಡಿಸುವ ಪೆಡಲ್ಲೇ ಮಾರುಕಟ್ಟೆಗೆ ಬಂತು.

ಇಲ್ಲಿ ನಾಯ್ಸ್ ಗೇಟ್ ನೆರವಿಗೆ ಬರುತ್ತದೆ. ಇದು ಗದ್ದಲವನ್ನು ಸೋಸುವ ಜರಡಿಯೆಂದು ಅನೇಕರು ತಿಳಿದಿದ್ದಾರೆ. ಅಲ್ಲ, ಇದು ಗೇಟಿನ ಪಹರೆಯವನು. ಕ್ಯಾಂಪಿನ ಮಕ್ಕಳು ಮಿಲಿಟರಿ ಗೇಟುಗಳನ್ನು ದಿನವೂ ನೋಡುತ್ತಾರಲ್ಲ, ಹಾಗೆಯೇ. ನಿಗದಿತ ಮಟ್ಟಕ್ಕಿಂತ ಜೋರಾದ ಸಂಕೇತ ಬಂದರೆ ಬಾಗಿಲು ತೆರೆಯುತ್ತಾನೆ, ಸಣ್ಣದಾದರೆ ಮುಚ್ಚುತ್ತಾನೆ. ಬಾಗಿಲು ತೆರೆದಾಗ ನಾದದ ಜೊತೆ ಗದ್ದಲವೂ ಒಳಬರುತ್ತದೆ. ನಾದ ಜೋರಾಗಿರುವುದರಿಂದ ಕಿವಿಗೆ ಅದು ತಿಳಿಯದು.

ಹಾಗಾದರೆ ಪಹರೆಯವನನ್ನು ಎಲ್ಲಿ ನಿಲ್ಲಿಸಬೇಕು? ಡಿಸ್ಟಾರ್ಷನ್‌ಗಿಂತ ಮೊದಲು ನಿಲ್ಲಿಸಿದರೆ ಪಿಕಪ್‌ನ ಗುಂಯ್‌ಕಾರ ನಿಲ್ಲುತ್ತದೆ, ಆದರೆ ಪೆಡಲ್ ತಾನೇ ಹುಟ್ಟಿಸುವ ‘ಸ್ಸ್’ ಸದ್ದು ಹಾಗೆಯೇ ಉಳಿಯುತ್ತದೆ. ನಂತರ ನಿಲ್ಲಿಸಿದರೆ ಅವನ ಮುಂದಿರುವುದು ಆರಕ್ಕೆ ಒಂದರ ಪ್ರಮಾಣ. ಮೆಲುದನಿ ಯಾವುದು, ಗದ್ದಲ ಯಾವುದು ಎಂದು ಅವನು ತಬ್ಬಿಬ್ಬಾಗುತ್ತಾನೆ. ನಾದದ ಕೊನೆಯನ್ನು ಕತ್ತರಿಸಿಹಾಕುತ್ತಾನೆ. ಹೀಗಾಗಿ ಜಾಣತನವೆಂದರೆ ಕಿವಿಯನ್ನು ಒಂದು ಕಡೆ, ಬಾಗಿಲನ್ನು ಇನ್ನೊಂದು ಕಡೆ ಇಡುವುದು. 1987ರಲ್ಲಿ ಬಂದ ಬಾಸ್ ಕಂಪನಿಯ ಎನ್‌ಎಸ್-2ರಂಥ ಗೇಟುಗಳಲ್ಲಿ ಸೆಂಡ್ ಮತ್ತು ರಿಟರ್ನ್ ಎಂಬ ಎರಡು ಹೆಚ್ಚಿನ ರಂಧ್ರಗಳಿರುವುದು ಇದಕ್ಕೇ. ಗಿಟಾರಿನ ವಯರನ್ನು ಗೇಟಿಗೆ ಕೊಡಿ. ಸೆಂಡ್‌ನಿಂದ ಡಿಸ್ಟಾರ್ಷನ್‌ಗೆ, ಅಲ್ಲಿಂದ ಮರಳಿ ರಿಟರ್ನ್‌ಗೆ ತನ್ನಿ. ಗೇಟು ನೂರಕ್ಕೆ ಒಂದಿರುವ ಶುದ್ಧ ನಾದವನ್ನು ಆಲಿಸಿ, ಡಿಸ್ಟಾರ್ಷನ್ ಆದ ಮೇಲಿನ ಬಾಗಿಲನ್ನು ಮುಚ್ಚುತ್ತದೆ. ಪ್ರತಿಧ್ವನಿ ಕೊಡುವ ಡಿಲೇ ಮತ್ತು ರಿವರ್ಬ್ ಪೆಡಲ್‌ಗಳು ಗೇಟಿನ ನಂತರವೇ ಇರಲಿ. ಮೊದಲಿಟ್ಟರೆ ಪ್ರತಿಧ್ವನಿಯ ಬಾಲ ನಡುವೆಯೇ ತುಂಡಾಗುತ್ತದೆ. ಶ್ರುತಿ ನೋಡುವ ಟ್ಯೂನರ್ ಎಲ್ಲಕ್ಕಿಂತ ಮೊದಲು. ಗೇಟಿನ ಗುಂಡಿಯನ್ನು ಸೊನ್ನೆಯಿಂದ ಮೇಲೇರಿಸುತ್ತಾ ಹೋಗಿ, ಸದ್ದು ಅಡಗಿದ ಜಾಗದಲ್ಲಿ ನಿಲ್ಲಿಸಿದರಾಯಿತು.

ಇನ್ನು ಪಾಲಕರು ಗಮನಿಸಬೇಕಾದ ಮಾತು. ತಂತಿಯನ್ನು ಕೈಯಿಂದ ಮುಟ್ಟಿದ ಕೂಡಲೇ ಗುಂಯ್‌ಕಾರ ಬಹಳಷ್ಟು ಸಲ ಕಡಿಮೆಯಾಗುತ್ತದೆ. ಕಾರಣ, ಗಿಟಾರಿನ ಉಕ್ಕಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಮೈಗೂ, ಅದರ ಮೂಲಕ ಮನೆಯ ಅರ್ಥಿಂಗಿಗೂ ಜೋಡಣೆಯಾಗಿರುತ್ತವೆ. ಎಂದರೆ ಬಾರಿಸುವ ಹುಡುಗನೂ ಆ ಜೋಡಣೆಯ ಒಂದು ಭಾಗ. ಸದ್ದು ಹೋಗಲೆಂದು ಆಂಪ್ಲಿಫೈಯರಿನ ಮೂರು ಪಿನ್ನುಗಳಲ್ಲಿ ದಪ್ಪನೆಯ ಅರ್ಥ್ ಪಿನ್ನನ್ನು ತೆಗೆದುಹಾಕುವ ಅಥವಾ ಎರಡು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸುವ ಚಾಳಿ ಕೆಲವರಲ್ಲಿದೆ. ಕೆಲವೊಮ್ಮೆ ಸದ್ದು ನಿಜವಾಗಿಯೂ ಹೋಗುತ್ತದೆ. ಆದರೆ ಒಳಗೆ ಎಲ್ಲಿಯಾದರೂ ವಿದ್ಯುತ್ ಸೋರಿದರೆ 230 ವೋಲ್ಟ್ ನೇರವಾಗಿ ತಂತಿಗೆ ಬರುತ್ತದೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ವಿದ್ಯುದಾಘಾತಕ್ಕೆ ಬಲಿಯಾದ.

ಆದುದರಿಂದ ಮಗನಿಗೆ ಗೇಟ್ ಕೊಡಿಸುವ ಮುನ್ನ ಎಲೆಕ್ಟ್ರೀಷಿಯನ್‌ನನ್ನು ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿರಿ. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದೂ ಒಳಗೆ ಅರ್ಥ್ ವಯರೇ ಇಲ್ಲದಿರುವುದುಂಟು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿರಿ. ಗ್ಯಾದರಿಂಗಿನ ಪೆಂಡಾಲಿನಲ್ಲಿ ಗಿಟಾರಿನ ಆಂಪ್ಲಿಫೈಯರ್ ಮತ್ತು ಮೈಕಿನ ಸೆಟ್ಟು ಎರಡಕ್ಕೂ ಒಂದೇ ಬೋರ್ಡಿನಿಂದ, ಅರ್ಥ್ ಇರುವ ಸಾಕೆಟ್ಟಿನಿಂದ ಕರೆಂಟು ಕೊಡುವಂತೆ ಮೊದಲೇ ಹೇಳಿಡಿರಿ.