ಜೂನಿಯರ್ ಡಾಕ್ಟ್ರು ಯಾಕೆ ಬಾಯಿ ಬಿಡಲ್ಲ?

ಆಸ್ಪತ್ರೇಲಿ ಏನಾದ್ರೂ ಎಡವಟ್ಟಾದ್ರೆ ಎಲ್ಲರೂ ಕೇಳೋದು, "ಅಲ್ಲಿದ್ದ ಜೂನಿಯರ್ ಡಾಕ್ಟ್ರು ಮೊದ್ಲೇ ಯಾಕೆ ಹೇಳ್ಲಿಲ್ಲ?" ಹೇಳಿದ್ರೆ ಏನಾಗತ್ತೆ ಅಂತ ನನ್ನ ಕೇಳಿ ಸ್ವಾಮಿ.

ಆಗ ನಾನು ಪಿಜಿ ಎರಡನೇ ವರ್ಷ. ನಮ್ಮ ವಾರ್ಡಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್, ಡಿಸ್ಟಿಲ್ಡ್ ವಾಟರ್ ಎರಡೂ ಒಂದೇ ಟ್ರೇಯಲ್ಲಿ ಇರ್ತಿದ್ವು. ಆಂಪ್ಯೂಲ್‌ಗಳು ನೋಡೋಕೂ ಹೆಚ್ಚುಕಮ್ಮಿ ಒಂದೇ ಥರ. ಪೊಟ್ಯಾಸಿಯಂ ಅನ್ನೋದನ್ನ ಡ್ರಿಪ್ಪಿಗೆ ಬೆರೆಸಿ ನಿಧಾನವಾಗಿ ಕೊಡಬೇಕು. ಹಾಗೇ ನೇರವಾಗಿ ರಕ್ತನಾಳಕ್ಕೆ ಚುಚ್ಚಿದ್ರೆ ಹೃದಯ ನಿಂತು ಹೋಗಬಹುದು. ಒಂದು ರಾತ್ರಿ ಎರಡೂವರೆಗೆ ಆಂಟಿಬಯಾಟಿಕ್ ಕಲಸೋಕೆ ಅಂತ ನಾನೇ ತಪ್ಪು ಆಂಪ್ಯೂಲ್ ಮುರಿದಿದ್ದೆ. ಅದೃಷ್ಟಕ್ಕೆ ಲೇಬಲ್ ಕಣ್ಣಿಗೆ ಬಿತ್ತು.

ಬೆಳಗ್ಗೆ ರೌಂಡ್ಸಿನಲ್ಲಿ ಸರ್‌ಗೆ ನಡೆದದ್ದೆಲ್ಲ ಹೇಳಿ, "ಎರಡನ್ನೂ ಬೇರೆ ಬೇರೆ ಇಡಿಸೋಣ ಸರ್" ಅಂದೆ. ಅವರು ತಲೆ ಎತ್ತದೇ ಕೇಳಿದ್ದು ಒಂದೇ ಮಾತು. "ನಿನ್ನ ಥೀಸಿಸ್ ಎಲ್ಲಿಗೆ ಬಂತಯ್ಯಾ?"

ಅರ್ಥ ಆಯ್ತಲ್ಲ? ಥೀಸಿಸ್‌ಗೆ ಸಹಿ ಹಾಕೋರು ಅವರೇ, ವೈವಾದಲ್ಲಿ ಎದುರಿಗೆ ಕೂರೋರೂ ಅವರೇ. ಇನ್ಸಿಡೆಂಟ್ ಫಾರಂ ಇತ್ತು, ಇಲ್ಲ ಅನ್ನಲ್ಲ. ಇನ್‌ಸ್ಪೆಕ್ಷನ್ ಬಂದಾಗ ಫೈಲಿಂದ ಹೊರಗೆ ಬರ್ತಿತ್ತು. ತುಂಬಿಕೊಟ್ರೆ ಹೋಗ್ತಿದ್ದದ್ದು ಅದೇ ಸರ್ ಟೇಬಲ್ಲಿಗೆ! ಪರೀಕ್ಷೆ ಮುಗಿಯೋವರೆಗೂ ನಾನು ಮತ್ತೆ ಬಾಯಿ ಬಿಡ್ಲಿಲ್ಲ. ಅದರ ನಾಚಿಕೆ ಇವತ್ತಿಗೂ ಇದೆ.

"ಧೈರ್ಯ ಬೇಕು ಕಣ್ರೀ" ಅಂತ ಉಪದೇಶ ಮಾಡ್ಬೇಡಿ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪುಗಳನ್ನ, ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳನ್ನ ಬರೆದು ಕಳಿಸೋದು ನಾಸಾಗೆ. ಲೈಸೆನ್ಸ್ ಕಿತ್ಕೊಳ್ಳೋ ಅಧಿಕಾರ ಇರೋದು ಅಲ್ಲಿನ ವಿಮಾನಯಾನ ಇಲಾಖೆಗೆ, ನಾಸಾಗಲ್ಲ. ನಾಸಾದವರು ಹೆಸರು ಅಳಿಸಿ ಪಾಠ ಮಾತ್ರ ಎಲ್ಲರಿಗೂ ಹಂಚ್ತಾರೆ. ಆ ಪೈಲಟ್‌ಗಳೇನು ನಮಗಿಂತ ಧೈರ್ಯವಂತರಾ? ಕೇಳಿಸ್ಕೊಳ್ಳೋರನ್ನ, ಶಿಕ್ಷೆ ಕೊಡೋರನ್ನ ಬೇರೆ ಬೇರೆ ಇಟ್ರು, ಅಷ್ಟೇ.

ನಮಗೆ ಬೇಕಾದ್ದೂ ಅದೇ. ದೂರು ಡಿಪಾರ್ಟ್‌ಮೆಂಟಿನಿಂದ ಹೊರಗೆ ಹೋಗಬೇಕು, ಮಾರ್ಕ್ಸ್ ಕೊಡೋರ ಕೈಗೆ ಹೆಸರು ಸಿಗಬಾರದು, ಏನು ಕ್ರಮ ತಗೊಂಡ್ರು ಅಂತ ಉತ್ತರ ಬರಬೇಕು. ಸುಳ್ಳು ದೂರು ಬರತ್ತೆ ಅಂತೀರಾ? ಬರಲಿ ಬಿಡಿ. ಟ್ರೇ ತೆಗೆದು ನೋಡೋಕೆ ಎಷ್ಟು ಹೊತ್ತು ಬೇಕು?

ಕೊನೆಗೆ ನಾನೇ ಒಂದು ಡಬ್ಬಿಗೆ ಕೆಂಪು ಟೇಪ್ ಸುತ್ತಿ ಪೊಟ್ಯಾಸಿಯಂ ಬೇರೆ ಇಟ್ಟೆ. ನನ್ನ ಪೋಸ್ಟಿಂಗ್ ಮುಗಿದ ಮೇಲೆ ಎಲ್ಲಾ ಮತ್ತೆ ಒಂದೇ ಟ್ರೇ ಸೇರಿದ್ವಂತೆ. ಇನ್ಮೇಲೆ "ಯಾಕೆ ಹೇಳ್ಲಿಲ್ಲ" ಅಂತ ಕೇಳೋರು, ಯಾರಿಗೆ ಹೇಳ್ಬೇಕಿತ್ತು ಅಂತಾನೂ ಸ್ವಲ್ಪ ಹೇಳಿ.