ಟಿಕೆಟ್ ಉಚಿತ, ಆದರೆ ‘ಯಾರ ಜೊತೆ?’

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅಂದಿನಿಂದ ನಮ್ಮೂರುಗಳ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿದೆ. ಆದರೂ ‘ಒಬ್ಬಳೇ ಹಂಪಿ ನೋಡಿಕೊಂಡು ಬರ್ತೀನಿ’ ಅಂದರೆ ಮನೆಯಲ್ಲಿ ಮೊದಲ ಪ್ರಶ್ನೆ, ‘ಯಾರ ಜೊತೆ?’ ತಮ್ಮ ಗೋವಾಕ್ಕೆ ಹೊರಟಾಗ ಈ ಪ್ರಶ್ನೆ ಎದ್ದಿದ್ದನ್ನು ನಾವಂತೂ ಕೇಳಿಲ್ಲ.

ಹೆತ್ತವರ ಭಯ ಸುಳ್ಳು ಅಂತ ನಾವು ಹೇಳುವುದಿಲ್ಲ. ಅದಕ್ಕೇ ತಂಗಿಯರೇ, ಬೆಳಗಿನ ಬಸ್ಸೇ ಹಿಡಿಯಿರಿ. ರಾಜ್ಯದ ವಿಳಾಸವಿರುವ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಕೇಳಿ ಪಡೆಯಿರಿ. ರಾಜಹಂಸ, ಐರಾವತಕ್ಕಾದರೆ ದುಡ್ಡು ಕೊಡಬೇಕು. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ., ಸಾರಿಗೆ ಬಸ್ಸೇ ಇದೆ, ಆಟೋದವರು ಏನೇ ಹೇಳಲಿ. ವಾಪಸ್ ಕೊನೆಯ ಬಸ್ ಎಷ್ಟಕ್ಕೆ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ. ವಿಠ್ಠಲ ದೇವಸ್ಥಾನದ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ. ಮೊಬೈಲ್ ಆಫ್ ಆದರೆ ಮನೆಯ ನಂಬರ್ ಎಷ್ಟು ಜನಕ್ಕೆ ಬಾಯಿಗೆ ಬರುತ್ತದೆ? ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತೊಂದರೆಯಾದರೆ 112.

ಅಪ್ಪಂದಿರಿಗೂ ಒಂದು ಮಾತು: ಮಗಳು ಹೊರಟ ದಿನ ಗಂಟೆಗೊಮ್ಮೆ ಫೋನ್ ಮಾಡಬೇಡಿ. ಬಸ್ ಹತ್ತಿದಾಗೊಂದು, ಇಳಿದಾಗೊಂದು ಮೆಸೇಜ್ ಸಾಕು. ಚಾರ್ಜೂ ಉಳಿಯುತ್ತದೆ.