ಗುಲಗಂಜಿಗೂ ಸೆಳೆತವುಂಟು

‘ಅಂತರಿಕ್ಷದಲ್ಲಿ ಗುರುತ್ವಾಕರ್ಷಣೆ ಇಲ್ಲ’ ಎಂಬ ವಾಕ್ಯವನ್ನು ನಾವು ಪ್ರತಿವರ್ಷವೂ ಉತ್ತರಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇವೆ. ಇದಕ್ಕಾಗಿ ವಿದ್ಯಾರ್ಥಿಗಳನ್ನು ದೂರುವುದು ನ್ಯಾಯವಲ್ಲ. ವೃತ್ತಪತ್ರಿಕೆಗಳೂ ಹಾಗೆಯೇ ಬರೆಯುವುದುಂಟು. ಆದರೂ ಈ ವಾಕ್ಯವನ್ನು ನಮ್ಮ ಶಾಲೆಯಿಂದ ಹೊರಗಟ್ಟಲೇಬೇಕೆಂಬುದು ನಮ್ಮ ಅಭಿಪ್ರಾಯ. ನೆಲದಿಂದ ಸುಮಾರು 400 ಕಿಲೋಮೀಟರು ಮೇಲೆ ಸುತ್ತುವ ನಿಲ್ದಾಣದಲ್ಲಿಯೂ ಭೂಮಿಯ ಸೆಳೆತವು ಇಲ್ಲಿರುವುದರ ನೂರಕ್ಕೆ 89 ಪಾಲಿನಷ್ಟು ಇದ್ದೇ ಇದೆ. ನಿಲ್ದಾಣವೂ ಅದರೊಳಗಿನ ಜನರೂ ಒಟ್ಟಿಗೆ ಬೀಳುತ್ತಲೇ ಭೂಮಿಯನ್ನು ಸುತ್ತುವುದರಿಂದ ತೂಕವು ತೋರುವುದಿಲ್ಲ, ಅಷ್ಟೆ.

ಇನ್ನೊಂದು ತಪ್ಪಿಗೆ ನಮ್ಮ ಶಬ್ದವೇ ಕಾರಣವಾಗಿರಬಹುದು. ‘ಗುರು’ ಎಂದರೆ ಭಾರವಾದದ್ದು. ಆದುದರಿಂದ ಸೆಳೆಯುವ ಅಧಿಕಾರವು ಸೂರ್ಯನಿಗೂ ಭೂಮಿಗೂ ಮಾತ್ರ ಎಂದು ಹುಡುಗರು ಭಾವಿಸುತ್ತಾರೆ. ನ್ಯೂಟನ್ನನ ನಿಯಮದಲ್ಲಿ ಅಂಥ ಪಂಕ್ತಿಭೇದವಿಲ್ಲ. ಭೂಮಿ, ಸೂರ್ಯರಿಂದ ಬಹುದೂರದಲ್ಲಿ, ಒಂದೊಂದು ಕಿಲೋಗ್ರಾಮಿನ ಎರಡು ಸೀಸದ ಗುಂಡುಗಳನ್ನು ಒಂದು ಮೀಟರು ಅಂತರದಲ್ಲಿ ನಿಶ್ಚಲವಾಗಿ ಬಿಟ್ಟೆವೆನ್ನೋಣ. ಮೊದಲ ಗಂಟೆಯಲ್ಲಿ ಅವು ಅರ್ಧ ಮಿಲಿಮೀಟರಿನಷ್ಟೂ ಸರಿಯವು. ನೋಡುತ್ತಿದ್ದವನು ಬೇಸತ್ತು ಎದ್ದುಹೋದಾನು. ಆದರೆ ಅಂತರ ಕುಗ್ಗಿದಷ್ಟೂ ಸೆಳೆತ ಬಲಿಯುತ್ತ, 26 ಗಂಟೆಗಳು ಕಳೆದು ಇನ್ನೂ ಅರ್ಧ ಗಂಟೆಯಾಗುವ ಹೊತ್ತಿಗೆ ಅವು ಒಂದನ್ನೊಂದು ಮುಟ್ಟುತ್ತವೆ. ಭೂಮಿಯ ಸಮೀಪದಲ್ಲಾದರೆ ಈ ಪ್ರಯೋಗ ನಡೆಯದು. ಭೂಮಿಯ ಸೆಳೆತದಲ್ಲಿರುವ ಏರುಪೇರೇ ಅವನ್ನು ಅಗಲಿಸಿಬಿಡುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 1798ರಲ್ಲಿ ಲಂಡನ್ನಿನ ಹೆನ್ರಿ ಕ್ಯಾವೆಂಡಿಷನು ಸುಮಾರು 158 ಕಿಲೋಗ್ರಾಮಿನ ಸೀಸದ ಗುಂಡುಗಳು ಮುಕ್ಕಾಲು ಕಿಲೋಗ್ರಾಮಿಗೂ ಕಡಿಮೆಯಾದ ಗುಂಡುಗಳನ್ನು ಸೆಳೆಯುವುದನ್ನು ಅಳೆದು ಪ್ರಕಟಿಸಿದನು. ತನ್ನ ಮೈಯ ಶಾಖದಿಂದ ಗಾಳಿ ಕದಡೀತೆಂದು ಕೋಣೆಯ ಹೊರಗೆ ನಿಂತು ದೂರದರ್ಶಕದಿಂದ ನೋಡಿದ ಪುಣ್ಯಾತ್ಮನಾತ! ಭೂಮಿಯ ಸಾಂದ್ರತೆ ನೀರಿನ ಐದೂವರೆ ಪಟ್ಟೆಂದು ತಿಳಿದದ್ದು ಆ ತಾಳ್ಮೆಯಿಂದಲೇ.

ಅಂತರಿಕ್ಷದಲ್ಲಿಯೂ ಸಾಕ್ಷಿಯುಂಟು. ಡಿಡಿಮಾಸ್ ಎಂಬ ಕ್ಷುದ್ರಗ್ರಹದ ಅಡ್ಡಳತೆ ಒಂದು ಕಿಲೋಮೀಟರೂ ಇಲ್ಲ. ಆದರೂ ಅದಕ್ಕೊಂದು ಚಂದ್ರ! ಸುಮಾರು 150 ಮೀಟರಿನ ಡೈಮಾರ್ಫಾಸ್, ಕೂಸು ಅಂಬೆಗಾಲಿಡುವಷ್ಟು ನಿಧಾನವಾಗಿ, 11 ಗಂಟೆ 55 ನಿಮಿಷಕ್ಕೊಮ್ಮೆ ಅದನ್ನು ಸುತ್ತುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಾರ್ಟ್ ನೌಕೆಯು ಬೇಕೆಂದೇ ಡಿಕ್ಕಿ ಹೊಡೆದ ಮೇಲೆ ಆ ಅವಧಿ ಅರ್ಧ ಗಂಟೆಗಿಂತಲೂ ಹೆಚ್ಚು ಕಡಿಮೆಯಾಯಿತು.

ಹಾಗೆಂದು ಕೂಡಿಕೊಂಡದ್ದೆಲ್ಲ ಗುರುತ್ವದ ಕೆಲಸವೆಂದೂ ಬರೆಯಬಾರದು. 2003ರಲ್ಲಿ ನಿಲ್ದಾಣದಲ್ಲಿದ್ದ ಡಾನ್ ಪೆಟಿಟ್ ಒಂದು ಚೀಲದಲ್ಲಿ ಉಪ್ಪು ಸಕ್ಕರೆಗಳ ಹರಳುಗಳನ್ನು ಕುಲುಕಿದಾಗ ಅವು ಕೆಲವೇ ಸೆಕೆಂಡುಗಳಲ್ಲಿ ಮುದ್ದೆಗಟ್ಟಿದವು. ಅದು ವಿದ್ಯುದಾವೇಶದ ಪ್ರಭಾವ.

ಕನ್ನಡದಲ್ಲಿ ಓದಿದವರಿಗೆ ವಿಜ್ಞಾನ ಬಾರದೆಂದು ಈ ನಗರದಲ್ಲಿ ಹಗುರವಾಗಿ ಆಡುವವರಿದ್ದಾರೆ. ‘ಜೀರೋ ಗ್ರಾವಿಟಿ’ ಎಂಬ ಇಂಗ್ಲಿಷಿನ ಮಾತೇ ದಾರಿ ತಪ್ಪಿಸುವಂಥದು; ನಮ್ಮ ‘ತೂಕರಾಹಿತ್ಯ’ವು ಅದಕ್ಕಿಂತ ಸತ್ಯಕ್ಕೆ ಹತ್ತಿರ. ಆದುದರಿಂದ ಮುಂದಿನ ಪರೀಕ್ಷೆಯಲ್ಲಿ ‘ಅಂತರಿಕ್ಷದಲ್ಲಿ ಏನಿಲ್ಲ?’ ಎಂದು ಕೇಳದೆ, ‘ತೂಕವೇಕೆ ತೋರುವುದಿಲ್ಲ?’ ಎಂದು ಕೇಳಿ, ಐದು ಅಂಕಗಳನ್ನಿಡಬೇಕೆಂದು ನಾವು ಸೂಚಿಸುತ್ತೇವೆ.